ದನಗಳ ಮೇವಿನಲ್ಲಿ ಸಸಾರಜನಕವೂ ಲವಣಗಳೂ

ಸಂಕ್ರಾಂತಿಯ ವೇಳೆಗೆ ಕಣದ ಕೆಲಸಗಳು ಮುಗಿದು, ರಾಗಿಯ ಹುಲ್ಲೂ ಭತ್ತದ ಹುಲ್ಲೂ ಬಣವೆಯನ್ನು ಸೇರುತ್ತವೆ. ಬಣವೆ ದೊಡ್ಡದಾಗಿದ್ದರೆ ಮನೆಯ ಯಜಮಾನನಿಗೆ ದನಕರುಗಳ ವಿಷಯದಲ್ಲಿ ಆ ವರ್ಷದ ಚಿಂತೆ ತೀರಿತೆಂದೇ ಅರ್ಥ. ಆದರೆ ಯುಗಾದಿ ಕಳೆದು ಮುಂಗಾರಿನ ಮೊದಲ ಉಳುಮೆಯ ಕಾಲ ಸಮೀಪಿಸುವಾಗ ನೋಡಿದರೆ, ಬಣವೆಯಲ್ಲಿ ಇನ್ನೂ ಅರ್ಧ ಹುಲ್ಲು ಉಳಿದಿದ್ದರೂ ಎತ್ತುಗಳ ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಾಗಿರುತ್ತದೆ. ಹಸುಗಳು ಹಾಲು ಬತ್ತಿ, ಬೆದೆಗೆ ಬಾರದೆ ನಿಂತಿರುತ್ತವೆ. ಕಡಸುಗಳು ವಯಸ್ಸಿಗೆ ತಕ್ಕಂತೆ ಬೆಳೆದಿರುವುದಿಲ್ಲ. ಹುಲ್ಲು ಸಾಲದಾಯಿತೆಂದು ಭಾವಿಸಿ ಕೆಲವರು ಸಾಲಮಾಡಿ ಮತ್ತಷ್ಟು ಹುಲ್ಲನ್ನು ಕೊಂಡು ತರುವರು. ಕೆಲವರು ತಳಿಯೇ ಕೆಟ್ಟದ್ದೆಂದು ಒಳ್ಳೆಯ ರಾಸನ್ನು ಅಗ್ಗದ ಬೆಲೆಗೆ ಸಂತೆಯಲ್ಲಿ ಮಾರಿಬಿಡುವರು.

ಈ ಎರಡು ಕೆಲಸಗಳಿಗೂ ಕೈ ಹಾಕುವ ಮೊದಲು ಗ್ರಾಮದ ಮುಖಂಡರೂ ಜಮೀನುದಾರರೂ ಒಂದು ವಿಷಯವನ್ನು ವಿಚಾರಿಸಿ ನೋಡಬೇಕೆಂಬುದೇ ಈ ಲೇಖನದ ಉದ್ದೇಶ. ಇಂಥ ಸಂದರ್ಭಗಳಲ್ಲಿ ಕೊರತೆಯಿರುವುದು ಬಹುಮಟ್ಟಿಗೆ ಹುಲ್ಲಿನ ತೂಕದಲ್ಲಿ ಅಲ್ಲ. ತಿಂದ ಹುಲ್ಲು ದನದ ಹೊಟ್ಟೆಯಲ್ಲಿ ಕರಗುವುದಕ್ಕೆ ಬೇಕಾದ ಅಲ್ಪ ಪ್ರಮಾಣದ ಬೇರೆ ಪದಾರ್ಥಗಳಲ್ಲಿ. ಆ ಪದಾರ್ಥಗಳಲ್ಲಿ ಮುಖ್ಯವಾದುದು ಸಸಾರಜನಕ. ಅದರ ಹಿಂದೆಯೇ ಬರುವುವು ಖನಿಜ ಲವಣಗಳೂ ಜೀವಸತ್ವಗಳೂ. ಇವು ಕಾಲಕ್ಕೆ ಸರಿಯಾಗಿ ದೊರೆತರೆ ಇದ್ದ ಹುಲ್ಲೇ ಹೆಚ್ಚು ಫಲವನ್ನು ಕೊಡುವುದು. ದೊರೆಯದಿದ್ದರೆ ಎಷ್ಟು ಹುಲ್ಲನ್ನು ತಂದು ಸುರಿದರೂ ಅದರ ಬಹುಭಾಗ ಸಗಣಿಯಾಗಿ ಹೊರಬೀಳುವುದು.

ಮೇವಿನಲ್ಲಿರುವ ಪದಾರ್ಥಗಳು

ಎಲ್ಲ ಮೇವಿನಲ್ಲಿಯೂ ನೀರನ್ನು ಬಿಟ್ಟರೆ ಐದು ಬಗೆಯ ಪದಾರ್ಥಗಳಿರುತ್ತವೆ. ಮೊದಲನೆಯದು ಶರೀರಕ್ಕೆ ಶಾಖವನ್ನೂ ಶಕ್ತಿಯನ್ನೂ ಒದಗಿಸುವ ಪಿಷ್ಟ, ಸಕ್ಕರೆ, ನಾರು ಇವುಗಳ ವರ್ಗ. ಎರಡನೆಯದು ಕೊಬ್ಬು. ಮೂರನೆಯದು ಪ್ರೋಟೀನು ಎಂದು ಈಗ ರೂಢಿಯಲ್ಲಿರುವ ಸಸಾರಜನಕ. ಮಾಂಸ, ರಕ್ತ, ಚರ್ಮ, ಕೂದಲು, ಹಾಲಿನ ಗಿಣ್ಣುಭಾಗ ಇವೆಲ್ಲವೂ ಇದರಿಂದಲೇ ಆದುವು. ನಾಲ್ಕನೆಯದು ಸುಣ್ಣ, ರಂಜಕ ಮೊದಲಾದ ಲವಣಗಳು. ಐದನೆಯದು ಅತ್ಯಲ್ಪವಾಗಿದ್ದರೂ ಅತ್ಯವಶ್ಯಕವಾದ ಜೀವಸತ್ವಗಳು.

ಇವುಗಳಲ್ಲಿ ಸಾರಜನಕವೆಂಬ ಮೂಲವಸ್ತುವನ್ನು ಹೆಚ್ಚಾಗಿ ಒಳಗೊಂಡಿರುವುದು ಸಸಾರಜನಕವೊಂದೇ. ಅದರ ತೂಕದಲ್ಲಿ ಶೇಕಡಾ 16ರಷ್ಟು ಸಾರಜನಕವಿರುವುದರಿಂದ, ಮೇವಿನಲ್ಲಿರುವ ಸಾರಜನಕವನ್ನು ಅಳೆದು ಆರೂಕಾಲರಿಂದ ಗುಣಿಸಿ ಸಸಾರಜನಕದ ಪ್ರಮಾಣವನ್ನು ರಸಾಯನಶಾಲೆಗಳಲ್ಲಿ ಗೊತ್ತುಮಾಡುತ್ತಾರೆ. ಹಾಗೆ ಗೊತ್ತಾದ ಪ್ರಮಾಣವು ನಮ್ಮ ಸೀಮೆಯ ಸಾಮಾನ್ಯ ಮೇವುಗಳಲ್ಲಿ, ಒಣಗಿದ ತೂಕದ ನೂರು ಪಾಲಿಗೆ, ಸುಮಾರು ಈ ಕೆಳಗಿನಂತಿರುವುದು:

ಭತ್ತದ ಹುಲ್ಲು: 3 ರಿಂದ 4
ರಾಗಿಯ ಹುಲ್ಲು: 3 ರಿಂದ 4
ಜೋಳದ ದಂಟು: 3 ರಿಂದ 5
ಅಕ್ಕಿಯ ತೌಡು: 12 ರಿಂದ 14
ಗೋಧಿಯ ಬೂಸ: 14 ರಿಂದ 16
ಅಲಸಂದೆಯ ಹಸಿರು ಮೇವು: 15 ರಿಂದ 18
ಕುದುರೆಮಸಾಲೆ ಸೊಪ್ಪು: 18 ರಿಂದ 20
ಹುರುಳಿ: 20 ರಿಂದ 24
ಸಿಪ್ಪೆಸಹಿತವಾದ ಹತ್ತಿಕಾಳಿನ ಹಿಂಡಿ: 20 ರಿಂದ 24
ಕಡಲೆಕಾಯಿಯ ಹಿಂಡಿ: 40 ರಿಂದ 45

ಮೇಲಿನ ಮೂರು ಸಾಲುಗಳನ್ನು ಕೊನೆಯ ಸಾಲಿನೊಡನೆ ಹೋಲಿಸಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುವುದು. ಹತ್ತು ಕಿಲೋ ಹುಲ್ಲಿನಲ್ಲಿರುವಷ್ಟು ಸಸಾರಜನಕವು ಒಂದು ಕಿಲೋ ಕಡಲೆಕಾಯಿ ಹಿಂಡಿಯಲ್ಲಿಯೇ ಇರುವುದು. ಆದರೆ ಹಿಂಡಿಯ ಬೆಲೆಯನ್ನು ತಿಳಿಯಲು ಈ ಲೆಕ್ಕವೊಂದೇ ಸಾಲದು. ಹಿಂಡಿಯು ಹುಲ್ಲಿನ ಮೇಲೆ ಮಾಡುವ ಕೆಲಸವನ್ನು ತಿಳಿಯಬೇಕಾದರೆ ಹಸುವಿನ ಹೊಟ್ಟೆಯೊಳಗೆ ಏನು ನಡೆಯುವುದೆಂಬುದನ್ನು ನೋಡಬೇಕು.

ಮೆಲುಕು ಹಾಕುವ ಪ್ರಾಣಿಯ ಹೊಟ್ಟೆ

ಹಸು, ಎಮ್ಮೆ, ಕುರಿ, ಆಡು ಇವುಗಳ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿವೆ. ಮೊದಲನೆಯದೇ ಅತ್ಯಂತ ದೊಡ್ಡದು. ಇದಕ್ಕೆ ರೂಮೆನ್ ಎಂದು ಹೆಸರು. ದೊಡ್ಡ ಜಾತಿಯ ಹಸುವಿನಲ್ಲಿ ಈ ಕೋಣೆ ನೂರು ಲೀಟರಿಗೂ ಹೆಚ್ಚಾಗಿ ಹಿಡಿಯುವುದು. ಗೋದಲೆಯಲ್ಲಿ ತಿಂದ ಹುಲ್ಲು ಮೊದಲು ಇಲ್ಲಿಗೆ ಬಂದು ನೆನೆಯುತ್ತದೆ. ಆಮೇಲೆ ಹಸುವು ಮಲಗಿ ಅದನ್ನು ಬಾಯಿಗೆ ತಂದುಕೊಂಡು ಮೆಲುಕು ಹಾಕಿ ಮತ್ತೆ ನುಂಗುತ್ತದೆ.

ಹುಲ್ಲಿನ ನಾರನ್ನು ಕರಗಿಸತಕ್ಕ ರಸವು ಹಸುವಿನ ಸ್ವಂತ ಶರೀರದಲ್ಲಿ ಉತ್ಪತ್ತಿಯಾಗುವುದಿಲ್ಲ. ಈ ವಿಷಯದಲ್ಲಿ ಹಸುವಿಗೂ ಮನುಷ್ಯನಿಗೂ ಭೇದವಿಲ್ಲ. ಭೇದವಿರುವುದು ಆ ಮೊದಲನೆಯ ಕೋಣೆಯಲ್ಲಿ ವಾಸಿಸುವ ಸೂಕ್ಷ್ಮಜೀವಿಗಳಲ್ಲಿ. ಇವುಗಳಲ್ಲಿ ಒಂದು ಬಗೆಯನ್ನು 1843ರಲ್ಲಿಯೇ ಫ್ರಾನ್ಸ್ ದೇಶದ ಗ್ರೂಬಿ, ಡೆಲಾಫೊಂಡ್ ಎಂಬ ವಿದ್ವಾಂಸರು ಸೂಕ್ಷ್ಮದರ್ಶಕದಲ್ಲಿ ಕಂಡು ವರ್ಣಿಸಿದರು. ಹೊಟ್ಟೆಯ ರಸದ ಒಂದು ಮಿಲಿಲೀಟರಿನಲ್ಲಿ, ಎಂದರೆ ಕೆಲವೇ ಹನಿಗಳಲ್ಲಿ, ಸಾವಿರ ಕೋಟಿಯಷ್ಟು ಬ್ಯಾಕ್ಟೀರಿಯಗಳಿರುತ್ತವೆ. ಸುಮಾರು 39 ಡಿಗ್ರಿ ಶಾಖದಲ್ಲಿ, ಗಾಳಿಯಿಲ್ಲದ ಆ ಸ್ಥಳದಲ್ಲಿ, ಇವು ನಾರನ್ನು ಹುದುಗೆಬ್ಬಿಸಿ ಕೆಲವು ಬಗೆಯ ಆಮ್ಲಗಳನ್ನಾಗಿ ಮಾರ್ಪಡಿಸುತ್ತವೆ. ಆ ಆಮ್ಲಗಳು ಹೊಟ್ಟೆಯ ಗೋಡೆಯ ಮೂಲಕ ರಕ್ತವನ್ನು ಸೇರುತ್ತವೆ. ಹಸುವಿಗೆ ದೊರೆಯುವ ಒಟ್ಟು ಶಕ್ತಿಯಲ್ಲಿ ನೂರಕ್ಕೆ ಎಪ್ಪತ್ತು ಪಾಲಿನಷ್ಟು ಈ ಆಮ್ಲಗಳಿಂದಲೇ ಬರುವುದು. ಆದಕಾರಣ, ನಾವು ಹುಲ್ಲನ್ನು ಹಾಕುವುದು ಹಸುವಿಗೆಂದು ತೋರಿದರೂ ಮೊದಲ ಪಂಕ್ತಿಯಲ್ಲಿ ಉಣ್ಣುವುವು ಈ ಸೂಕ್ಷ್ಮಜೀವಿಗಳೇ. ಅವು ಉಂಡು ಬಿಟ್ಟುದೇ ಹಸುವಿನ ಊಟ.

ಇಷ್ಟೇ ಅಲ್ಲ. ಈ ಜೀವಿಗಳು ಎಡೆಬಿಡದೆ ಹುಟ್ಟುತ್ತ, ಮೇವಿನೊಡನೆ ಮುಂದಿನ ಕೋಣೆಗಳಿಗೆ ಕೊಚ್ಚಿಕೊಂಡು ಹೋಗುತ್ತವೆ. ನಾಲ್ಕನೆಯ ಕೋಣೆಯೂ ಅದರ ಮುಂದಿನ ಕರುಳೂ ಅವನ್ನು ಜೀರ್ಣಿಸಿಕೊಳ್ಳುತ್ತವೆ. ಅವುಗಳ ಒಣತೂಕದಲ್ಲಿ ಸುಮಾರು ಅರ್ಧಪಾಲು ಸಸಾರಜನಕವೇ ಇರುವುದರಿಂದ, ಸಾಮಾನ್ಯವಾದ ಮೇವನ್ನು ತಿನ್ನುವ ಹಸುವಿಗೆ ದೊರೆಯುವ ಸಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಈ ಜೀವಿಗಳ ಶರೀರದಿಂದಲೇ ಬಂದುದು. ಈ ಸಂಗತಿಯನ್ನು ನಿಸ್ಸಂದೇಹವಾಗಿ ತೋರಿಸಿಕೊಟ್ಟವರು ಫಿನ್ಲೆಂಡ್ ದೇಶದ ವಿರ್ಟಾನೆನ್ ಎಂಬ ರಸಾಯನ ಶಾಸ್ತ್ರಜ್ಞರು. ಅವರು ಹಸುಗಳಿಗೆ ಸಸಾರಜನಕವನ್ನು ಸ್ವಲ್ಪವೂ ಕೊಡದೆ, ಪಿಷ್ಟ, ಶುದ್ಧಮಾಡಿದ ನಾರು, ಲವಣಗಳು, ಇವುಗಳೊಡನೆ ಯೂರಿಯವನ್ನೂ ಅಮೋನಿಯದ ಲವಣಗಳನ್ನೂ ಮಾತ್ರ ಕೊಟ್ಟು ಹಾಲನ್ನು ಪಡೆದು, ಆ ವೃತ್ತಾಂತವನ್ನು 1966ರಲ್ಲಿ ಪ್ರಕಟಿಸಿದರು. ಗೊಬ್ಬರದ ಸಾರಜನಕವನ್ನು ಸೂಕ್ಷ್ಮಜೀವಿಗಳು ತಮ್ಮ ಶರೀರವಾಗಿ ಮಾಡಿಕೊಂಡುವು. ಹಸು ಆ ಶರೀರವನ್ನು ಹಾಲಾಗಿ ಮಾಡಿಕೊಟ್ಟಿತು.

ಸಸಾರಜನಕ ಕಡಮೆಯಾದರೆ ಆಗುವುದೇನು?

ಸೂಕ್ಷ್ಮಜೀವಿಗಳೂ ಜೀವಿಗಳೇ; ಸಾರಜನಕವಿಲ್ಲದೆ ಅವು ವೃದ್ಧಿಯಾಗಲಾರವು. ಬರಿಯ ಭತ್ತದ ಹುಲ್ಲನ್ನು ತಿನ್ನುವ ಎತ್ತಿನ ಹೊಟ್ಟೆಯಲ್ಲಿ ಅವುಗಳ ಸಂಖ್ಯೆ ಕುಗ್ಗುವುದು. ಸಂಖ್ಯೆ ಕುಗ್ಗಿದರೆ ಹುಲ್ಲು ನಿಧಾನವಾಗಿ ಕರಗುವುದು. ನಿಧಾನವಾಗಿ ಕರಗಿದರೆ ಹೊಟ್ಟೆ ಬರಿದಾಗದು. ಹೊಟ್ಟೆ ಬರಿದಾಗದಿದ್ದರೆ ಎತ್ತಿಗೆ ಹಸಿವಾಗದು. ಎದುರಿಗೆ ಹುಲ್ಲಿದ್ದರೂ ಅದು ಮೂತಿಯಿಂದ ತಳ್ಳಿ ನಿಲ್ಲುವುದು. ಹೊಟ್ಟೆ ಉಬ್ಬಿ ಬೆನ್ನು ಬತ್ತಿದ ದನವನ್ನು ಕಂಡಾಗ ‘ಇದು ಚೆನ್ನಾಗಿ ತಿಂದಿದೆ, ಆದರೂ ಮೈಗೆ ಹತ್ತಲಿಲ್ಲ’ ಎನ್ನುವರಷ್ಟೆ. ನಿಜಕ್ಕೂ ಅದು ಹೊಟ್ಟೆ ತುಂಬಿದ ಉಪವಾಸ.

ಪ್ರಕೃತಿಯು ಈ ಪ್ರಾಣಿಗೆ ಒಂದು ಮಿತವ್ಯಯದ ಉಪಾಯವನ್ನು ಕೊಟ್ಟಿದೆ. ಇತರ ಪ್ರಾಣಿಗಳು ಮೂತ್ರದಲ್ಲಿ ಕಳೆದುಬಿಡುವ ಯೂರಿಯದ ಒಂದು ಭಾಗವನ್ನು ಹಸುವು ತನ್ನ ಉಗುಳಿನ ಮೂಲಕವೂ ಹೊಟ್ಟೆಯ ಗೋಡೆಯ ಮೂಲಕವೂ ಮೊದಲನೆಯ ಕೋಣೆಗೆ ಮರಳಿ ಕಳುಹಿಸುತ್ತದೆ. ಬರಗಾಲದಲ್ಲಿ ನಮ್ಮ ರಾಸುಗಳು ತಿಂಗಳುಗಟ್ಟಲೆ ಒಣಹುಲ್ಲಿನ ಮೇಲೆ ಜೀವ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಆದರೆ ಜೀವ ಹಿಡಿಯುವುದು ಬೇರೆ, ಉಳುವುದೂ ಈಯುವುದೂ ಹಾಲು ಕರೆಯುವುದೂ ಬೇರೆ.

ತಿನ್ನುವ ಒಟ್ಟು ಮೇವಿನಲ್ಲಿ ಸಸಾರಜನಕವು ನೂರಕ್ಕೆ ಏಳು ಪಾಲಿಗಿಂತ ಕಡಮೆಯಾದಾಗ ಹುಲ್ಲನ್ನು ತಿನ್ನುವ ಪ್ರಮಾಣವೂ ಕರಗುವ ಪ್ರಮಾಣವೂ ಇಳಿಯುವುವೆಂದು ಅನೇಕ ದೇಶಗಳ ಪರೀಕ್ಷೆಗಳಿಂದ ತಿಳಿದುಬಂದಿದೆ. ಲೆಕ್ಕಮಾಡಿ ನೋಡೋಣ. ಒಂದು ಎತ್ತು ಆರು ಕಿಲೋ ರಾಗಿಹುಲ್ಲನ್ನು ತಿನ್ನುವುದೆಂದು ಇಟ್ಟುಕೊಳ್ಳಿರಿ. ನೂರಕ್ಕೆ ಮೂರೂವರೆಯಂತೆ ಅದರಲ್ಲಿ 210 ಗ್ರಾಂ ಸಸಾರಜನಕವಿರುವುದು. ಇದಕ್ಕೆ 650 ಗ್ರಾಂ ಕಡಲೆಕಾಯಿ ಹಿಂಡಿಯನ್ನು ಸೇರಿಸಿದರೆ ನೂರಕ್ಕೆ ನಲವತ್ತರಂತೆ 260 ಗ್ರಾಂ ಹೆಚ್ಚಿ, ಒಟ್ಟು 470 ಗ್ರಾಂ ಆಗುವುದು. ಎಂದರೆ ಆರು ಕಿಲೋ 650 ಗ್ರಾಂ ಮೇವಿಗೆ ನೂರಕ್ಕೆ ಏಳು ಪಾಲು. ಮುಕ್ಕಾಲು ಕಿಲೋವಿಗೂ ಕಡಮೆಯಾದ ಹಿಂಡಿಯು ಆರು ಕಿಲೋ ಹುಲ್ಲಿನ ಬಾಗಿಲನ್ನು ತೆರೆಯುವುದು. ಹಿಂಡಿಯನ್ನು ಹಾಲಿಗೆ ಕೊಡುವ ಲಂಚವೆಂದು ತಿಳಿದು, ಕರೆಯುವ ಹಸುವಿಗೆ ಮಾತ್ರ ಇಟ್ಟು, ಗೊಡ್ಡು ಹಸುವಿಗೂ ಎತ್ತಿಗೂ ಬೆಳೆಯುವ ಕಡಸಿಗೂ ಬರಿಯ ಹುಲ್ಲನ್ನು ಹಾಕುವವರು ಬಣವೆಯನ್ನೇ ನಷ್ಟಮಾಡಿಕೊಳ್ಳುತ್ತಾರೆ.

ಶರೀರದಲ್ಲಿ ಸಸಾರಜನಕದ ವಿನಿಯೋಗ

ಆಹಾರವು ರಕ್ತವನ್ನು ಸೇರಿದ ಮೇಲೆ ಶರೀರವು ಅದನ್ನು ಕಟ್ಟುವ, ಒಡೆಯುವ, ಉರಿಸುವ ಕೆಲಸಗಳೆಲ್ಲವನ್ನೂ ಕೂಡಿಸಿ ಚಯಾಪಚಯವೆಂದು ಕರೆಯುವರು. ಸಸಾರಜನಕವು ಇಲ್ಲಿ ಮಾಂಸವಾಗಿ, ರಕ್ತವಾಗಿ, ಹೊಟ್ಟೆಯೊಳಗಿನ ಕರುವಾಗಿ, ಹಾಲಾಗಿ ಪರಿಣಮಿಸುವುದು. ಒಂದು ಲೀಟರು ಹಸುವಿನ ಹಾಲಿನಲ್ಲಿ ಮೂವತ್ತು ಗ್ರಾಮಿಗೆ ಮೇಲ್ಪಟ್ಟು ಸಸಾರಜನಕವಿರುವುದರಿಂದ, ಹಾಲು ಹೆಚ್ಚಿದಂತೆಲ್ಲ ಅಗತ್ಯವೂ ಹೆಚ್ಚುವುದು. ಮೇವಿನಲ್ಲಿ ಅದು ದೊರೆಯದಿದ್ದರೆ ಈದ ಹಸುವು ಮೊದಲ ಕೆಲವು ವಾರಗಳಲ್ಲಿ ತನ್ನ ಮೈಯ ಮಾಂಸವನ್ನೇ ಕರಗಿಸಿ ಕರುವಿಗೆ ಹಾಲೂಡುತ್ತದೆ. ಹಾಗೆ ಸೊರಗಿದ ಹಸು ಬೇಗನೆ ಬೆದೆಗೆ ಬಾರದು. ಎರಡು ಕರುಗಳ ಅಂತರವು ಒಂದೂಕಾಲು ವರ್ಷಕ್ಕೆ ಬದಲು ಎರಡು ವರ್ಷಗಳಾದರೆ, ಆ ಮನೆಗೆ ಆಗುವ ನಷ್ಟವು ಉಳಿಸಿದ ಹಿಂಡಿಯ ಬೆಲೆಗಿಂತ ಎಷ್ಟು ಪಾಲು ಹೆಚ್ಚೆಂಬುದನ್ನು ಯಜಮಾನರೇ ಎಣಿಸಬಹುದು.

ಆದರೆ ಸಸಾರಜನಕವನ್ನು ಮಿತಿಮೀರಿ ಕೊಡುವುದರಿಂದ ಪ್ರಯೋಜನವಿಲ್ಲ. ಕೊಬ್ಬನ್ನು ಕೂಡಿಟ್ಟುಕೊಳ್ಳುವಂತೆ ಶರೀರವು ಸಸಾರಜನಕವನ್ನು ಕೂಡಿಟ್ಟುಕೊಳ್ಳಲಾರದು. ಹೆಚ್ಚಾದುದನ್ನು ಒಡೆದು, ಸಾರಜನಕದ ಭಾಗವನ್ನು ಪಿತ್ತಜನಕಾಂಗದಲ್ಲಿ ಯೂರಿಯವಾಗಿ ಮಾಡಿ ಗಂಜಲದಲ್ಲಿ ಹೊರಗೆ ಕಳುಹಿಸುವುದು. ಈ ಕೆಲಸಕ್ಕೂ ಶಕ್ತಿ ವ್ಯಯವಾಗುವುದು. ಬೆಲೆಯುಳ್ಳ ಹಿಂಡಿಯು ಹೀಗೆ ಗೊಬ್ಬರದ ಗುಂಡಿಯನ್ನು ಸೇರಿದಂತಾಯಿತು.

ಉಳುವ ಎತ್ತಿನ ವಿಷಯದಲ್ಲಿ ಒಂದು ಹಳೆಯ ಭ್ರಮೆಯನ್ನು ಇಲ್ಲಿ ಪರಿಹರಿಸಬಹುದು. ದುಡಿಯುವಾಗ ಮಾಂಸವೇ ಸವೆದು ಶಕ್ತಿಯಾಗುವುದೆಂದು ಕಳೆದ ಶತಮಾನಕ್ಕೆ ಹಿಂದಿನ ಶತಮಾನದಲ್ಲಿ ಜರ್ಮನಿಯ ಲೀಬಿಗ್ ಮೊದಲಾದ ಪಂಡಿತರು ನಂಬಿದ್ದರು. 1865ರಲ್ಲಿ ಫಿಕ್, ವಿಸ್ಲಿಸೇನಸ್ ಎಂಬಿಬ್ಬರು ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಪರ್ವತವನ್ನು, ಸಸಾರಜನಕವಿಲ್ಲದ ಆಹಾರವನ್ನು ಮಾತ್ರ ತಿಂದು, ಸುಮಾರು 2000 ಮೀಟರು ಹತ್ತಿದರು. ತಮ್ಮ ಮೂತ್ರವನ್ನು ಶೇಖರಿಸಿ ಅದರಲ್ಲಿದ್ದ ಸಾರಜನಕವನ್ನು ಅಳೆದರು. ಸವೆದ ಸಸಾರಜನಕದಿಂದ ಅಷ್ಟು ಎತ್ತರ ಹತ್ತುವ ಶಕ್ತಿ ಒದಗಲಾರದೆಂದು ಲೆಕ್ಕದಿಂದಲೇ ಸಿದ್ಧವಾಯಿತು. ದುಡಿಮೆಯ ಶಕ್ತಿ ಮುಖ್ಯವಾಗಿ ಪಿಷ್ಟ, ನಾರು, ಕೊಬ್ಬು ಇವುಗಳಿಂದ ಬರುವುದು. ಹಾಗಾದರೆ ಎತ್ತಿಗೆ ಹುರುಳಿಯನ್ನೋ ಹಿಂಡಿಯನ್ನೋ ಕೊಡುವ ನಮ್ಮ ಹಿರಿಯರ ಪದ್ಧತಿ ತಪ್ಪೇ? ಎಂದಿಗೂ ಅಲ್ಲ. ಬೆಂದ ಹುರುಳಿ ತಾನೂ ಶಕ್ತಿಯನ್ನು ಕೊಡುವುದು. ಅದಕ್ಕಿಂತ ಹೆಚ್ಚಾಗಿ ಹೊಟ್ಟೆಯಲ್ಲಿರುವ ಹುಲ್ಲಿನ ಶಕ್ತಿಯನ್ನು ಬಿಡಿಸಿಕೊಡುವುದು. ಆದಕಾರಣ ಅದನ್ನು ಉಳುಮೆ ಆರಂಭವಾದ ದಿನವಲ್ಲದೆ, ಎರಡು ತಿಂಗಳು ಮುಂಚಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಕೊಡುತ್ತ ಬರಬೇಕು.

ಲವಣಗಳೂ ಜೀವಸತ್ವಗಳೂ

ಸಸಾರಜನಕವೊಂದನ್ನೇ ಸರಿಪಡಿಸಿದರೆ ಎಲ್ಲವೂ ಸರಿಹೋಗುವುದೆಂದು ತಿಳಿಯಕೂಡದು. ಇದಕ್ಕೆ ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ 1907ರಲ್ಲಿ ಆರಂಭವಾಗಿ 1911ರಲ್ಲಿ ಪ್ರಕಟವಾದ ಪರೀಕ್ಷೆಯೇ ಪ್ರಸಿದ್ಧ ನಿದರ್ಶನ. ಬ್ಯಾಬ್‌ಕಾಕ್ ಎಂಬ ರಸಾಯನ ಶಾಸ್ತ್ರಜ್ಞರ ಸೂಚನೆಯಂತೆ ಹದಿನಾರು ಕಡಸುಗಳನ್ನು ನಾಲ್ಕು ನಾಲ್ಕರಂತೆ ವಿಂಗಡಿಸಿ, ಒಂದು ಗುಂಪಿಗೆ ಮುಸುಕಿನ ಜೋಳದ ಗಿಡದಿಂದ ಬಂದ ಮೇವನ್ನು ಮಾತ್ರವೂ, ಎರಡನೆಯದಕ್ಕೆ ಗೋಧಿಯದನ್ನೂ, ಮೂರನೆಯದಕ್ಕೆ ಓಟ್ಸ್ ಧಾನ್ಯದ್ದನ್ನೂ, ನಾಲ್ಕನೆಯದಕ್ಕೆ ಮೂರನ್ನೂ ಬೆರೆಸಿ ಕೊಟ್ಟರು. ಸಸಾರಜನಕವೂ ಶಕ್ತಿಯೂ ಎಲ್ಲ ಗುಂಪಿಗೂ ಕಾಗದದ ಮೇಲೆ ಒಂದೇ ಸಮವಾಗಿದ್ದುವು. ಆದರೆ ಜೋಳ ತಿಂದ ಹಸುಗಳು ನುಣುಪಾದ ಮೈಯಿಂದ ಬಲವಾದ ಕರುಗಳನ್ನು ಈದುವು. ಗೋಧಿ ತಿಂದವು ಕುರುಡಾದುವು. ಅವುಗಳ ಕರುಗಳು ಸತ್ತು ಹುಟ್ಟಿದುವು, ಇಲ್ಲವೆ ಹುಟ್ಟಿದ ಸ್ವಲ್ಪ ಕಾಲದಲ್ಲಿಯೇ ಸತ್ತುವು. ಜೀವಸತ್ವಗಳೆಂಬ ಮಾತೇ ಇನ್ನೂ ಹುಟ್ಟಿರದ ಆ ದಿನಗಳಲ್ಲಿ ಇದು ವಿಸ್ಮಯವನ್ನುಂಟುಮಾಡಿತು. ಗೋಧಿಯ ಮೇವಿನಲ್ಲಿ ‘ಎ’ ಜೀವಸತ್ವದ ಮೂಲವಾದ ಹಳದಿ ಬಣ್ಣದ ಪದಾರ್ಥವೂ ಸುಣ್ಣವೂ ಸಾಲದಿದ್ದುದೇ ಕಾರಣವೆಂದು ಮುಂದೆ ತಿಳಿಯಿತು. ಬಿಸಿಲಿನಲ್ಲಿ ಒಣಗಿ ತಿಂಗಳುಗಟ್ಟಲೆ ಬಣವೆಯಲ್ಲಿದ್ದ ಹುಲ್ಲಿನಲ್ಲಿ ಆ ಪದಾರ್ಥ ಬಹುಮಟ್ಟಿಗೆ ನಾಶವಾಗಿರುವುದು. ಬೇಸಗೆಯಲ್ಲಿ ದಿನಕ್ಕೆ ನಾಲ್ಕೈದು ಕಿಲೋ ಹಸಿರು ಸೊಪ್ಪನ್ನು ಗಬ್ಬದ ಹಸುವಿಗೆ ಒದಗಿಸುವುದು ಏಕೆ ಅವಶ್ಯಕವೆಂಬುದು ಇದರಿಂದ ಸ್ಪಷ್ಟವಾಗುವುದು.

ಲವಣಗಳಲ್ಲಿ ರಂಜಕವು ಮುಖ್ಯವಾದುದು. ಎಲುಬು, ತೊಗಲು, ಬಟ್ಟೆ ಇವುಗಳನ್ನು ಅಗಿಯುತ್ತ ತಿರುಗುವ ದನಗಳನ್ನು ಎಲ್ಲರೂ ಕಂಡಿರುವರು. ದಕ್ಷಿಣ ಆಫ್ರಿಕದಲ್ಲಿ ಹೀಗೆ ಸತ್ತ ಪ್ರಾಣಿಗಳ ಎಲುಬನ್ನು ಅಗಿದ ದನಗಳು ಒಂದು ವಿಷರೋಗದಿಂದ ಸಾವಿರಗಟ್ಟಲೆ ಸಾಯುತ್ತಿದ್ದುವು. ಭೂಮಿಯಲ್ಲಿಯೂ ಹುಲ್ಲಿನಲ್ಲಿಯೂ ರಂಜಕ ಸಾಲದಿರುವುದೇ ಆ ದುರಭ್ಯಾಸಕ್ಕೆ ಮೂಲವೆಂದು ಥೈಲರ್ ಎಂಬ ಪಶುವೈದ್ಯರು 1920ರ ಸುಮಾರಿನಲ್ಲಿ ಕಂಡುಹಿಡಿದು, ರಂಜಕವನ್ನು ಒದಗಿಸಿ ನಿವಾರಿಸಿದರು. ಅಂದು ಅವರು ಉಪಯೋಗಿಸಿದುದು ಎಲುಬಿನ ಪುಡಿ. 1986ರಲ್ಲಿ ಇಂಗ್ಲೆಂಡಿನಲ್ಲಿ ಗುರುತಿಸಲ್ಪಟ್ಟ ಹಸುಗಳ ಹುಚ್ಚುರೋಗವು ಮಾಂಸ ಮತ್ತು ಎಲುಬಿನ ಪುಡಿಯಿಂದ ಹರಡಿದುದೆಂದು ಗೊತ್ತಾದ ಮೇಲೆ, ಅದನ್ನು ದನಗಳಿಗೆ ತಿನ್ನಿಸಬಾರದು; ಖನಿಜದಿಂದ ತಯಾರಿಸಿದ ರಂಜಕವುಳ್ಳ ಲವಣ ಮಿಶ್ರಣವನ್ನೇ ಕೊಡಬೇಕು. ನಮ್ಮ ಹುಲ್ಲುಗಳಲ್ಲಿ ರಂಜಕ ಕಡಮೆ, ತೌಡು ಬೂಸಗಳಲ್ಲಿ ಹೆಚ್ಚು. ರಾಗಿಹುಲ್ಲಿನಲ್ಲಿ ಸುಣ್ಣ ಚೆನ್ನಾಗಿದೆ, ತೌಡಿನಲ್ಲಿ ಅದು ಅಲ್ಪ. ಹುಲ್ಲಿನೊಡನೆ ತೌಡನ್ನು ಕೂಡಿಸುವ ಹಳೆಯ ವಾಡಿಕೆಯು ಈ ದೃಷ್ಟಿಯಿಂದಲೂ ಯುಕ್ತವಾದುದು.

ಕೆಲವು ಲವಣಗಳು ಅತ್ಯಲ್ಪವಾಗಿ ಬೇಕು. ಆದರೆ ಬೇಕೇ ಬೇಕು. ಆಸ್ಟ್ರೇಲಿಯದ ಕೆಲವು ಪ್ರದೇಶಗಳಲ್ಲಿ ಸೊಂಪಾದ ಹುಲ್ಲಿನ ನಡುವೆಯೇ ಕುರಿಗಳೂ ದನಗಳೂ ಕ್ಷಯಿಸಿ ಸಾಯುತ್ತಿದ್ದುವು. ಕೋಬಾಲ್ಟ್ ಎಂಬ ಲೋಹದ ಕೊರತೆಯೇ ಇದಕ್ಕೆ ಕಾರಣವೆಂದು 1935ರಲ್ಲಿ ತಿಳಿಯಿತು. ಹೊಟ್ಟೆಯ ಸೂಕ್ಷ್ಮಜೀವಿಗಳು ಅದರಿಂದ ‘ಬಿ 12’ ಎಂಬ ಜೀವಸತ್ವವನ್ನು ಮಾಡುವುವು. ಅದಿಲ್ಲದಿದ್ದರೆ ಹುಲ್ಲಿನಿಂದ ಬಂದ ಆಮ್ಲಗಳಲ್ಲಿ ಒಂದನ್ನು ಪಿತ್ತಜನಕಾಂಗವು ಉಪಯೋಗಿಸಲಾರದು. ಕಣಜ ತುಂಬಿದ್ದರೂ ಬೀಗದ ಕೈ ಕಳೆದುಹೋದ ಮನೆಯ ಸ್ಥಿತಿ ಅದು. ನಮ್ಮ ನಾಡಿನ ಮಣ್ಣುಗಳಲ್ಲಿಯೂ ಮೇವುಗಳಲ್ಲಿಯೂ ಯಾವ ಸೀಮೆಯಲ್ಲಿ ಯಾವ ಲವಣ ಕಡಮೆಯೆಂಬುದನ್ನು ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಹಾಗೂ ಶರೀರಕ್ರಿಯಾ ಸಂಸ್ಥೆಯವರು ಪರಿಶೀಲಿಸಿದ್ದಾರೆ.

ಕೊಡತಕ್ಕ ಪ್ರಮಾಣ

ಬೂಸ, ತೌಡು, ಹಿಂಡಿ, ನುಚ್ಚು ಇವುಗಳನ್ನು ಬೆರೆಸಿದ ತಿಂಡಿಯನ್ನು ಈ ಕೆಳಗಿನಂತೆ ಕೊಡುವುದು ವಾಡಿಕೆಯ ಮೇಲೆ ನಿಂತ ಸುಲಭವಾದ ಲೆಕ್ಕ. ಹಸುವಿನ ಶರೀರ ಪೋಷಣೆಗೆ ದಿನಕ್ಕೆ ಒಂದರಿಂದ ಒಂದೂವರೆ ಕಿಲೋ. ಇದರ ಮೇಲೆ ಹಸು ಕರೆಯುವ ಪ್ರತಿ ಎರಡೂವರೆ ಲೀಟರು ಹಾಲಿಗೂ, ಎಮ್ಮೆ ಕರೆಯುವ ಪ್ರತಿ ಎರಡು ಲೀಟರಿಗೂ ಒಂದೊಂದು ಕಿಲೋ. ಗಬ್ಬದ ಕೊನೆಯ ಎರಡು ತಿಂಗಳಲ್ಲಿ, ಹಾಲಿಲ್ಲದಿದ್ದರೂ, ಒಂದರಿಂದ ಒಂದೂವರೆ ಕಿಲೋ ಹೆಚ್ಚಾಗಿ. ಲವಣ ಮಿಶ್ರಣವನ್ನು ದೊಡ್ಡ ರಾಸಿಗೆ ದಿನಕ್ಕೆ 50 ಗ್ರಾಂ, ಅಡುಗೆಯ ಉಪ್ಪನ್ನು 30 ಗ್ರಾಂ. ಕುಡಿಯುವ ನೀರು ಸದಾ ಮುಂದಿರಬೇಕು.

ಹೆಚ್ಚು ಹಾಲು ಕರೆಯುವ ಹಸುವಿಗೆ ಒಂದೇ ಬಗೆಯ ಹಿಂಡಿಗಿಂತ ಎರಡು ಬಗೆಯನ್ನು ಬೆರೆಸಿ ಕೊಡುವುದು ಲೇಸು. ಕಡಲೆಕಾಯಿ ಹಿಂಡಿಯ ಸಸಾರಜನಕವು ಮೊದಲನೆಯ ಕೋಣೆಯಲ್ಲಿ ಬೇಗ ಒಡೆದು ಸೂಕ್ಷ್ಮಜೀವಿಗಳಿಗೆ ಊಟವಾಗುವುದು. ಹತ್ತಿಕಾಳಿನ ಹಿಂಡಿ, ತೆಂಗಿನ ಹಿಂಡಿ ಇವುಗಳದು ಹೆಚ್ಚಾಗಿ ಒಡೆಯದೆ ಮುಂದೆ ಸಾಗಿ ನೇರವಾಗಿ ಹಸುವಿಗೆ ದೊರೆಯುವುದು. ಎಳೆಯ ಕರುಗಳಿಗೆ ಮಾತ್ರ ಹತ್ತಿಕಾಳಿನ ಹಿಂಡಿಯನ್ನು ಕೊಡಕೂಡದು. ಕರುವಿನಲ್ಲಿ ಮೊದಲನೆಯ ಕೋಣೆ ಇನ್ನೂ ಬೆಳೆದಿರುವುದಿಲ್ಲ. ಅದಕ್ಕೆ ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲೂ, ಆಮೇಲೆ ಸಾಕಷ್ಟು ಹಾಲೂ ದೊರೆಯಲೇಬೇಕು.

ಯಾವ ತಿಂಡಿಯನ್ನು ಕೊಳ್ಳಬೇಕೆಂಬುದನ್ನು ಚೀಲದ ಬೆಲೆಯಿಂದ ನಿರ್ಧರಿಸಬಾರದು. ಉದಾಹರಣೆಗೆ, ಹಿಂಡಿ ಕಿಲೋವಿಗೆ 40 ರೂಪಾಯಿ, ಬೂಸ 28 ರೂಪಾಯಿ ಎಂದು ಇಟ್ಟುಕೊಂಡರೆ ಬೂಸ ಅಗ್ಗವೆಂದು ತೋರುವುದು. ಆದರೆ ನೂರಕ್ಕೆ ನಲವತ್ತು ಪಾಲುಳ್ಳ ಹಿಂಡಿಯಲ್ಲಿ ಒಂದು ಕಿಲೋ ಸಸಾರಜನಕಕ್ಕೆ 100 ರೂಪಾಯಿಯೂ, ಹದಿನಾಲ್ಕು ಪಾಲುಳ್ಳ ಬೂಸದಲ್ಲಿ 200 ರೂಪಾಯಿಯೂ ಬೀಳುವುದು. ಬೂಸದಲ್ಲಿ ಶಕ್ತಿಯೂ ರಂಜಕವೂ ಇರುವುದು ನಿಜ; ಆದರೆ ಕೊರತೆ ಸಸಾರಜನಕದ್ದಾಗಿರುವಾಗ ಲೆಕ್ಕ ಹಾಕಬೇಕಾದುದು ಹೀಗೆ.

ಎಚ್ಚರಿಕೆಗಳು

ಮೊದಲನೆಯದಾಗಿ, ಮೇವನ್ನು ಒಮ್ಮೆಲೇ ಬದಲಾಯಿಸಕೂಡದು. ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಹೊಂದಿಕೊಳ್ಳಲು ಹತ್ತು ಹದಿನೈದು ದಿನಗಳಾದರೂ ಬೇಕು. ಮದುವೆ ಜಾತ್ರೆಗಳ ಮಾರನೆಯ ದಿನ, ಉಳಿದ ಅನ್ನವನ್ನು ದಯೆಯಿಂದ ಹಸುವಿನ ಮುಂದೆ ಸುರಿದು, ಸಂಜೆಯೊಳಗೆ ಅದನ್ನು ಕಳೆದುಕೊಂಡವರು ಪ್ರತಿ ಹೋಬಳಿಯಲ್ಲಿಯೂ ಇರುವರು. ಅಷ್ಟು ಪಿಷ್ಟ ಒಮ್ಮೆಗೇ ಬಂದಾಗ ಹೊಟ್ಟೆಯಲ್ಲಿ ತೀವ್ರವಾದ ಹುಳಿ ಹುಟ್ಟಿ, ನಾರು ಕರಗಿಸುವ ಜೀವಿಗಳು ಸಾಯುತ್ತವೆ. ಆ ಹುಳಿ ರಕ್ತವನ್ನು ಸೇರಿ ಹಸುವೂ ಸಾಯುತ್ತದೆ.

ಎರಡನೆಯದಾಗಿ, ಬೂಷ್ಟು ಹಿಡಿದ ಹಿಂಡಿಯನ್ನು ಅಗ್ಗವೆಂದು ಕೊಳ್ಳಬಾರದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತುದಕ್ಕೆ ಕಡಲೆಕಾಯಿ ಹಿಂಡಿಯಲ್ಲಿ ಬೆಳೆದ ಬೂಷ್ಟಿನ ವಿಷವೇ ಕಾರಣವೆಂದು ಗೊತ್ತಾಯಿತು. ಅಫ್ಲಾಟಾಕ್ಸಿನ್ ಎಂಬ ಈ ವಿಷವು ಹಸುವಿನ ಪಿತ್ತಜನಕಾಂಗವನ್ನು ಕೆಡಿಸುವುದಲ್ಲದೆ, ಹಾಲಿನ ಮೂಲಕ ನಮ್ಮ ಮಕ್ಕಳನ್ನೂ ಮುಟ್ಟುವುದು. ಹಿಂಡಿಯ ಚೀಲಗಳನ್ನು ಹಲಗೆಗಳ ಮೇಲೆ, ಗೋಡೆಗೆ ತಗುಲದಂತೆ, ತೇವವಿಲ್ಲದ ಸ್ಥಳದಲ್ಲಿ ಇಡತಕ್ಕದ್ದು.

ಮೂರನೆಯದಾಗಿ, ಯೂರಿಯವನ್ನು ನೀರಿನಲ್ಲಿ ಕದಡಿ ಕುಡಿಸುವುದಾಗಲಿ ತಿಂಡಿಯ ಮೇಲೆ ಮನಬಂದಂತೆ ಎರಚುವುದಾಗಲಿ ಪ್ರಾಣಾಪಾಯಕರ. ಅದನ್ನು ಹುಲ್ಲಿಗೆ ಸೇರಿಸುವ ಕ್ರಮವೇ ಬೇರೆ. ನೂರು ಕಿಲೋ ಒಣಹುಲ್ಲಿಗೆ ನಾಲ್ಕು ಕಿಲೋ ಯೂರಿಯವನ್ನು ಸುಮಾರು 50 ಲೀಟರು ನೀರಿನಲ್ಲಿ ಪೂರ್ಣವಾಗಿ ಕರಗಿಸಿ, ಹುಲ್ಲನ್ನು ಪದರ ಪದರವಾಗಿ ಹರಡಿ ಸಮವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಮುಚ್ಚಿ 21 ದಿನ ಬಿಡಬೇಕು. ಹುಟ್ಟಿದ ಅಮೋನಿಯವು ನಾರನ್ನು ಮೆತ್ತಗೆ ಮಾಡಿ, ಹುಲ್ಲಿನ ಸಾರಜನಕವನ್ನು ಸುಮಾರು ಇಮ್ಮಡಿಯಾಗಿಸುವುದು. ಬೇಕಾದಷ್ಟನ್ನು ತೆಗೆದು ಒಂದು ಗಂಟೆ ಗಾಳಿಗೆ ಹರಡಿ ಆಮೇಲೆ ಹಾಕಬೇಕು. ಆರು ತಿಂಗಳಿಗೆ ಕಡಮೆಯಾದ ಕರುಗಳಿಗೂ ಕುದುರೆಗಳಿಗೂ ಇದನ್ನು ಕೊಡಕೂಡದು.

ಗ್ರಾಮದ ಮುಖಂಡರು ಮಾಡಬಹುದಾದುದು

ಗ್ರಾಮಗಳಲ್ಲಿ ಸಂಚರಿಸುವಾಗ ನಾವು ಕಂಡಿರುವಂತೆ, ಯಾವ ಹೊಸ ಪದ್ಧತಿಯೂ ಭಾಷಣದಿಂದ ಹರಡುವುದಿಲ್ಲ. ಊರಿನ ಹಿರಿಯರೊಬ್ಬರ ಕೊಟ್ಟಿಗೆಯಲ್ಲಿ ಫಲ ಕಂಡರೆ ಹರಡುವುದು. ಆದುದರಿಂದ ಪ್ರತಿ ಗ್ರಾಮದಲ್ಲಿಯೂ ಅನುಕೂಲವುಳ್ಳ ಜಮೀನುದಾರರೊಬ್ಬರು ಒಂದು ಸಣ್ಣ ಪರೀಕ್ಷೆಯನ್ನು ಮಾಡಬೇಕೆಂದು ನಮ್ಮ ಸಲಹೆ. ವಯಸ್ಸು, ಈದ ಕಾಲ, ಹಾಲು ಇವುಗಳಲ್ಲಿ ಸಮವಾದ ನಾಲ್ಕು ಹಸುಗಳನ್ನು ಆರಿಸಿ, ಎರಡಕ್ಕೆ ಈಗಿನಂತೆಯೇ ಹಾಕುತ್ತ, ಉಳಿದೆರಡಕ್ಕೆ ಅದೇ ಹುಲ್ಲಿನೊಡನೆ ಮೇಲೆ ಹೇಳಿದಷ್ಟು ಹಿಂಡಿಯನ್ನೂ ಲವಣ ಮಿಶ್ರಣವನ್ನೂ ಅರುವತ್ತು ದಿನ ಕೊಡಲಿ. ವಾರಕ್ಕೊಂದು ದಿನ ಎರಡು ಹೊತ್ತಿನ ಹಾಲನ್ನು ಅಳೆದು ಬರೆಯಲಿ. ಗೋದಲೆಯಲ್ಲಿ ಉಳಿದ ಹುಲ್ಲನ್ನು ತೂಗಲಿ. ಸಗಣಿಯನ್ನು ನೀರಿನಲ್ಲಿ ತೊಳೆದು, ಕರಗದ ಕಡ್ಡಿಗಳು ಎಷ್ಟಿವೆಯೆಂದು ನೋಡಲಿ. ಬೆದೆಗೆ ಬಂದ ದಿನವನ್ನು ಗುರುತು ಹಾಕಲಿ. ಲೆಕ್ಕದ ಪುಸ್ತಕವೇ ಉತ್ತರವನ್ನು ಹೇಳುವುದು.

ಇದಲ್ಲದೆ ಊರು ಒಟ್ಟಾಗಿ ಮಾಡಬಹುದಾದ ಕೆಲಸಗಳೂ ಉಂಟು. ಹಿಂಡಿಯನ್ನು ಒಬ್ಬೊಬ್ಬರು ಒಂದೊಂದು ಕಿಲೋ ಕೊಳ್ಳುವ ಬದಲು, ಹಾಲಿನ ಸಹಕಾರ ಸಂಘದ ಮೂಲಕ ಒಟ್ಟಿಗೆ ತರಿಸಿದರೆ ಬೆಲೆಯಲ್ಲಿಯೂ ಗುಣದಲ್ಲಿಯೂ ಅನುಕೂಲವಾಗುವುದು. ಹೊಲದ ಬದುಗಳಲ್ಲಿ ಅಗಸೆ, ಸುಬಾಬುಲ್ ಮೊದಲಾದ ಗಿಡಗಳನ್ನು ಬೆಳೆಸಿದರೆ ಬೇಸಗೆಯಲ್ಲಿ ಹಸಿರೂ ಸಸಾರಜನಕವೂ ಕಾಸಿಲ್ಲದೆ ದೊರೆಯುವುವು; ಆದರೆ ಸುಬಾಬುಲ್ ಸೊಪ್ಪನ್ನು ಒಟ್ಟು ಮೇವಿನ ಮೂರನೆಯ ಒಂದು ಪಾಲಿಗೆ ಮೀರಿಸಬಾರದು. ರಾಗಿಯ ಸಾಲುಗಳ ನಡುವೆ ಅವರೆ, ಅಲಸಂದೆಗಳನ್ನು ಅಕ್ಕಡಿಯಾಗಿ ಹಾಕುವ ನಮ್ಮ ಪೂರ್ವಿಕರ ಕ್ರಮವನ್ನು ಬಿಡದೆ, ಅವುಗಳ ಹೊಟ್ಟನ್ನು ಸುಡದೆ ಜೋಪಾನಮಾಡಿದರೆ, ಹುಲ್ಲಿನೊಡನೆ ಬೆರೆಸಲು ಒಳ್ಳೆಯ ಪದಾರ್ಥ ಮನೆಯಲ್ಲಿಯೇ ಇರುವುದು. ಮನೆಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದರೆಂಬ ಮಾತು ನಮಗೆ ಅನ್ವಯಿಸಬಾರದು.

ಈ ವರ್ಷ ಬಣವೆ ಒಟ್ಟುವಾಗ, ಹುಲ್ಲಿನ ಹೊರೆಗಳನ್ನು ಎಣಿಸಿದ ಮೇಲೆ, ಅಷ್ಟು ಹುಲ್ಲನ್ನು ಕರಗಿಸಲು ಎಷ್ಟು ಹಿಂಡಿ, ಎಷ್ಟು ಹಸಿರು, ಎಷ್ಟು ಲವಣ ಬೇಕೆಂಬುದನ್ನೂ ಅದೇ ದಿನ ಲೆಕ್ಕ ಹಾಕಿ ಇಟ್ಟುಕೊಳ್ಳಬೇಕೆಂದು ಗ್ರಾಮದ ಹಿರಿಯರಲ್ಲಿ ನಮ್ಮ ವಿಜ್ಞಾಪನೆ. ಹಾಗೆ ಮಾಡಿದ ಮನೆಯ ಎತ್ತು ಮುಂಗಾರಿನ ಮೊದಲ ಹದಕ್ಕೆ ನೊಗ ಹೊರಲು ಸಿದ್ಧವಾಗಿರುವುದು. ಹಸು ಕಾಲಕ್ಕೆ ಸರಿಯಾಗಿ ಗಬ್ಬವಾಗುವುದು. ಬಣವೆಯ ಹುಲ್ಲು ಹಾಲಾಗಿಯೂ ದುಡಿಮೆಯಾಗಿಯೂ ಮನೆಗೆ ಹಿಂದಿರುಗುವುದು.